ಹಿಂಬದಿಯ ಫೋಟೋ ಕಳಿಸಿ: ಮಧ್ಯ ಆಫ್ರಿಕಾದ ಮೂರು ಹಳೆಯ ಕತ್ತಿ ತರಿಸಿಕೊಂಡ ಅನುಭವ

ಐದಕ್ಕೆ ಮೂರು ಸ್ಟಾರ್. ಪ್ಯಾಕಿಂಗ್‌ಗೆ ಐದು ಕೊಡಬಹುದು, ಫೋಟೋಗಳಿಗೆ ಎರಡು. ವಿವರಣೆಗೆ ಸೊನ್ನೆಯೇ ಸರಿ. ಆದರೆ ಬಂದ ಮೂರು ಕತ್ತಿಗಳಲ್ಲಿ ಒಂದು ಎಷ್ಟು ಚೆನ್ನಾಗಿದೆ ಅಂದರೆ, ಉಳಿದ ಎರಡರ ಮೇಲಿದ್ದ ಸಿಟ್ಟು ಅದನ್ನು ಕೈಯಲ್ಲಿ ಹಿಡಿದಾಗೆಲ್ಲ ಅರ್ಧ ಇಳಿದುಹೋಗುತ್ತದೆ.

ತರಿಸಿಕೊಂಡದ್ದು ಬೆಲ್ಜಿಯಂನ ಒಬ್ಬ ಆನ್‌ಲೈನ್ ವ್ಯಾಪಾರಿಯಿಂದ. ಹೆಸರು ಹೇಳುವುದಿಲ್ಲ. ನನಗಾದದ್ದು ಅವನೊಬ್ಬನ ಕೈಚಳಕ ಅಲ್ಲ, ಈ ವ್ಯಾಪಾರದಲ್ಲಿ ಇರುವ ಮುಕ್ಕಾಲು ಜನ ಹೀಗೇ ಮಾರುತ್ತಾರೆ. ಬೆಲ್ಜಿಯಂ ಯಾಕೆ ಅಂತ ಕೇಳುವವರಿಗೆ: ಮಧ್ಯ ಆಫ್ರಿಕಾದ ಹಳೆಯ ಕತ್ತಿ, ಕೊಡಲಿ, ಈಟಿಗಳು ಜಾಸ್ತಿ ಓಡಾಡುವುದೇ ಅಲ್ಲಿ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂನ ಎರಡನೇ ಲಿಯೋಪೋಲ್ಡ್ ರಾಜನ ಸ್ವಂತ ಆಸ್ತಿಯ ಹಾಗಿತ್ತು, ಆಮೇಲೆ 1960ರವರೆಗೆ ಬೆಲ್ಜಿಯಂ ಸರ್ಕಾರದ ವಸಾಹತು. ಅಲ್ಲಿಗೆ ಹೋದ ಸೈನಿಕರು, ಕಂಪನಿ ಏಜೆಂಟರು, ಪಾದ್ರಿಗಳು ಊರಿಗೆ ವಾಪಸ್ ಬರುವಾಗ ಪೆಟ್ಟಿಗೆಗಟ್ಟಲೆ ಆಯುಧ ತಂದರು. ಈಗ ಅವರ ಮೊಮ್ಮಕ್ಕಳು, ಮರಿಮಕ್ಕಳು ಅಟ್ಟ ಖಾಲಿ ಮಾಡುತ್ತಿದ್ದಾರೆ. ಈ ಸರಕು ಹೇಗೆ ಬಂತು ಅನ್ನುವುದು ಗೊತ್ತಿದ್ದೂ ಕೊಳ್ಳುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. 2022ರಲ್ಲಿ ಬೆಲ್ಜಿಯಂ ಕಾಂಗೋದ ವಸ್ತುಗಳನ್ನು ಹಿಂದಿರುಗಿಸುವ ಕಾನೂನು ಮಾಡಿತು, ಆದರೆ ಅದು ಸರ್ಕಾರಿ ಸಂಗ್ರಹಗಳಿಗೆ. ಖಾಸಗಿ ಅಟ್ಟಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಯಾರು ತಂದದ್ದು, ಯಾವ ವರ್ಷ, ಯಾವ ಕಡೆಯಿಂದ ಅಂತ ಕೇಳುವ ಕೆಲಸ ಕೊಳ್ಳುವವನ ಮೇಲೇ ಬೀಳುತ್ತದೆ. ಕೇಳಿದೆ. "ಹಳೆಯ ಬೆಲ್ಜಿಯನ್ ಸಂಗ್ರಹ" ಅಂತ ಮೂರಕ್ಕೂ ಒಂದೇ ಉತ್ತರ ಬಂತು. ಇದಕ್ಕೆ ಅರ್ಥವೇ ಇಲ್ಲ. ನಿನ್ನೆ ಕೊಂಡು ಇವತ್ತು ಮಾರಿದರೂ ಅದು ಬೆಲ್ಜಿಯನ್ ಸಂಗ್ರಹವೇ ಅಲ್ವಾ?

ಚೆನ್ನಾಗಿರುವುದರಿಂದಲೇ ಶುರು ಮಾಡುತ್ತೇನೆ.

ಅದು ಗ್ಬಾಕಾ ಜನರ ಎಸೆಗತ್ತಿ. ಕಾಂಗೋದ ವಾಯವ್ಯ ಮೂಲೆ, ಉಬಾಂಗಿ ನದಿಯ ಕಡೆಯವರು ಇವರು. ಬೆಲೆ 320 ಯೂರೋ. ವಿವರಣೆ ಒಂದೇ ಸಾಲು: "ಎಸೆಯುವ ಕತ್ತಿ, ಗ್ಬಾಕಾ, ಕಬ್ಬಿಣ, ನಾರಿನ ಹಿಡಿ, 41 ಸೆಂ.ಮೀ." ಅಷ್ಟೇ. ಕಥೆ ಇಲ್ಲ, ರಾಜ ಇಲ್ಲ, ರಕ್ತ ಇಲ್ಲ. ಬಹುಶಃ ಬರೆಯುವಷ್ಟರಲ್ಲಿ ಅವನಿಗೆ ಬೇಜಾರಾಗಿತ್ತೇನೋ.

ಎಸೆಗತ್ತಿ ನೋಡದವರಿಗೆ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ನಾವು ಕತ್ತಿ ಅಂದರೆ ಒಂದು ಹಿಡಿ, ಒಂದು ಅಲಗು ಅಂದುಕೊಳ್ಳುತ್ತೇವೆ. ಇದಕ್ಕೆ ಅಲಗುಗಳು ಮೂರು ನಾಲ್ಕು, ಗಿಡದ ಕೊಂಬೆಗಳ ಹಾಗೆ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿರುತ್ತವೆ. ಒಂದು ಮೇಲಕ್ಕೆ, ಒಂದು ಪಕ್ಕಕ್ಕೆ, ಒಂದು ಕೆಳಗೆ ಹಿಡಿಯ ಹತ್ತಿರ ಸಣ್ಣ ಮುಳ್ಳಿನ ಹಾಗೆ. ಕಾರಣ ಸರಳ. ಒಂದೇ ಅಲಗಿನ ಕತ್ತಿ ಎಸೆದರೆ ಅದು ತಿರುಗಿ ತಿರುಗಿ ಹೋಗಿ ಹಿಡಿಯ ಕಡೆಯಿಂದ ಬಡಿಯಬಹುದು, ಆಗ ಬರೀ ಪೆಟ್ಟು. ಇದು ಗಾಳಿಯಲ್ಲಿ ಚಕ್ರದ ಹಾಗೆ ಸುತ್ತುವಾಗ ಯಾವುದಾದರೂ ಒಂದು ಬಾಯಿ ಎದುರಿಗೆ ಇದ್ದೇ ಇರುತ್ತದೆ. ಚಾಡ್, ಸುಡಾನ್ ಕಡೆ ಉತ್ತರಕ್ಕೆ ಹೋದರೆ ಉದ್ದ ಕೋಲಿಗೆ ಕೊಕ್ಕೆ ಬಂದ ಹಾಗಿರುವ ಜಾತಿ, ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ದಕ್ಷಿಣಕ್ಕೆ, ಉಬಾಂಗಿ ಮತ್ತು ಉಏಲೆ ನದಿಗಳ ಕಡೆ ಬಂದರೆ ಅಗಲ ರೆಕ್ಕೆಯ ಜಾತಿ. ಜಾಂಡೆ ಜನ ತಮ್ಮದನ್ನು ಕ್ಪಿಂಗಾ ಅನ್ನುತ್ತಾರೆ. ಅವರು ಹೆಣೆದ ದೊಡ್ಡ ಗುರಾಣಿಯ ಒಳಬದಿಗೆ ಇಂಥ ಕತ್ತಿಗಳನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದರು, ಒಂದು ಎಸೆದರೆ ಇನ್ನೊಂದು ಕೈಗೆ ಸಿಗುವ ಹಾಗೆ. ಜರ್ಮನ್ ಸಸ್ಯಶಾಸ್ತ್ರಜ್ಞ ಗಿಯೋರ್ಗ್ ಶ್ವೈನ್‌ಫರ್ಟ್ 1870ರ ಹೊತ್ತಿಗೆ ಆ ಕಡೆ ಹೋಗಿದ್ದ. ಹೋದದ್ದು ಗಿಡ ಹುಡುಕಿಕೊಂಡು, ಬರೆದುಕೊಂಡು ಬಂದ ಚಿತ್ರಗಳಲ್ಲಿ ಕತ್ತಿ, ಗುರಾಣಿಗಳೂ ಬೇಕಾದಷ್ಟಿದ್ದವು. ಅವನ ಮೇಲೆ ನನಗೆ ಯಾಕೋ ಪ್ರೀತಿ.

ಈಗ ನನ್ನ ಕತ್ತಿ. ಮೇಜಿನ ಮೇಲೆ ಇಟ್ಟರೆ ಸಮತಟ್ಟಾಗಿ ಕೂರುವುದಿಲ್ಲ, ಒಂದು ಮೂಲೆ ಕಾಳಿನಷ್ಟು ಎದ್ದಿರುತ್ತದೆ. ಮುಂಬದಿಯಲ್ಲಿ ಸಣ್ಣ ಗೆರೆಗಳು, ಅಂಚಿಗೆ ಸಮನಾಗಿ ಎರಡು ಸಾಲು, ನಡುವೆ ಚುಕ್ಕಿಗಳು. ಚುಕ್ಕಿ ಹೊಡೆಯುತ್ತಾ ಹೋದ ಕಮ್ಮಾರನಿಗೆ ಮೇಲಿನ ಅಲಗಿನ ತುದಿಯಲ್ಲಿ ಜಾಗ ಸಾಲಲಿಲ್ಲ, ಕೊನೆಯ ನಾಲ್ಕು ಚುಕ್ಕಿ ಒಂದರ ಮೇಲೊಂದು ಹತ್ತಿಕೊಂಡಿವೆ. ಹಿಂಬದಿ ಪೂರ್ತಿ ಬೋಳು. ಅಲಂಕಾರ ಒಂದೇ ಕಡೆ ಇರುವುದು ಈ ಕತ್ತಿಗಳಲ್ಲಿ ಮಾಮೂಲು. ಹೊಸಬರು ಹಿಂಬದಿ ನೋಡಿ "ಅಯ್ಯೋ, ಅರ್ಧಂಬರ್ಧ ಕೆಲಸ" ಅಂದುಕೊಳ್ಳುತ್ತಾರೆ. ನನಗೆ ಬೇಕಾದದ್ದು ಹಿಂಬದಿಯೇ. ಅಲ್ಲಿ ಸುತ್ತಿಗೆಯ ಗುರುತು ಅಳಿಸಿರುವುದಿಲ್ಲ. ಓರೆಯಾಗಿ ಬೆಳಕಿಗೆ ಹಿಡಿದರೆ ಪೆಟ್ಟು ಪೆಟ್ಟೂ ಕಾಣುತ್ತದೆ, ನಿಂತ ನೀರಿಗೆ ಸಣ್ಣ ಗಾಳಿ ಬೀಸಿದ ಹಾಗೆ. ಪಕ್ಕದ ಅಲಗು ಎಲ್ಲಿಂದ ಕವಲೊಡೆಯುತ್ತದೋ ಅಲ್ಲಿ ಕೂದಲೆಳೆಯಂಥ ಒಂದು ಗೆರೆ ಇದೆ. ಅದು ಬಿರುಕಲ್ಲ, ಬೆಸುಗೆ. ಕಬ್ಬಿಣವನ್ನು ಕೆಂಪಗೆ ಅಲ್ಲ, ಬೆಳ್ಳಗೆ ಕಾಯಿಸಿ ಎರಡು ತುಂಡನ್ನು ಸುತ್ತಿಗೆಯಲ್ಲೇ ಒಂದು ಮಾಡಿದ ಜಾಗ.

ಇನ್ನೊಂದು ವಿಷಯ ಇದರಲ್ಲೇ ಕಾಣುತ್ತದೆ. ಮೇಲ್ಮೈಯಲ್ಲಿ ಉದ್ದುದ್ದ ಸಣ್ಣ ಗೀರುಗಳು, ಹಳೆಯ ಮರದ ಹಲಗೆಯಲ್ಲಿ ಇರುತ್ತವಲ್ಲ, ಹಾಗೆ. ಅದು ಕಿಟ್ಟದ, ಅಂದರೆ ಅದಿರಿನ ಕಸದ, ಗುರುತು. ಮಣ್ಣಿನ ಕುಲುಮೆಯಲ್ಲಿ ಅದಿರು, ಇದ್ದಿಲು ಹಾಕಿ ತಿದಿ ಒತ್ತಿದರೆ ಕಬ್ಬಿಣ ಕರಗಿ ನೀರಾಗುವುದಿಲ್ಲ, ಸ್ಪಂಜಿನಂಥ ಮುದ್ದೆಯಾಗಿ ಸಿಗುತ್ತದೆ, ಅದರೊಳಗೆ ಕಿಟ್ಟ ಸಿಕ್ಕಿಕೊಂಡಿರುತ್ತದೆ. ಬಡಿದು ಬಡಿದು ಅದನ್ನು ಹೊರಗೆ ಹಾಕಬೇಕು. ಎಷ್ಟು ಬಡಿದರೂ ಒಂಚೂರು ಒಳಗೇ ಉಳಿದು, ಕಬ್ಬಿಣ ಉದ್ದವಾದ ಹಾಗೆ ಅದೂ ನೂಲಿನ ಹಾಗೆ ಉದ್ದವಾಗುತ್ತದೆ. ಕಾರ್ಖಾನೆಯ ತಗಡಿನಲ್ಲಿ ಇದು ಕಾಣುವುದಿಲ್ಲ. ಹಾಗಂತ ಗೀರು ಇಲ್ಲದ ಕತ್ತಿಯೆಲ್ಲ ನಕಲಿ ಅಂತ ಹೊರಡಬೇಡಿ. ಯುರೋಪಿನ ಕಬ್ಬಿಣ ಬರಲು ಶುರುವಾದ ಮೇಲೆ ಅಲ್ಲಿನ ಕಮ್ಮಾರರೂ ಅದನ್ನೇ ಬಳಸಿದರು, ಸುಲಭವಾಗಿ ಸಿಗುವಾಗ ಯಾರು ತಿದಿ ಒತ್ತುತ್ತಾ ಕೂರುತ್ತಾರೆ? ಆ ಕತ್ತಿಗಳೂ ಅಸಲಿಯೇ.

ಹಿಡಿಗೆ ನಾರು ಸುತ್ತಿದ್ದಾರೆ. ಹೆಬ್ಬೆರಳು ಕೂರುವ ಕಡೆ ಮಾತ್ರ ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಕೆಳಗೆ ಎರಡು ಸುತ್ತು ಬೇರೆ ನಾರು, ಬಣ್ಣವೂ ಬೇರೆ. ಯಾರೋ ಯಾವಾಗಲೋ ರಿಪೇರಿ ಮಾಡಿದ್ದು. ತೂಕ 390 ಗ್ರಾಂ. ಅಲಗುಗಳು ಸೇರುವ ಜಾಗದಿಂದ ಸ್ವಲ್ಪ ಕೆಳಗೆ ಒಂದು ಬೆರಳ ಮೇಲೆ ಇಟ್ಟರೆ ಅಲ್ಲಾಡದೆ ನಿಲ್ಲುತ್ತದೆ. ಎಸೆದು ನೋಡಿದಿರಾ ಅಂತ ಕೇಳಬೇಡಿ. ಇಲ್ಲ. ಎಸೆಯುವ ಆಸೆ ಇದ್ದವರು ಹೊಸ ಸ್ಟೀಲಿನದು ಕೊಳ್ಳಲಿ, ಹಳೆಯದರ ತುದಿ ಒಂದು ಕಲ್ಲಿಗೆ ತಾಗಿದರೆ ಮುಗಿಯಿತು.

ಇದು ನಿಜವಾಗಿ ಯುದ್ಧದಲ್ಲಿ ಎಸೆದದ್ದೋ, ಯಜಮಾನನೊಬ್ಬ ಹೆಗಲ ಮೇಲಿಟ್ಟುಕೊಂಡು ಓಡಾಡಿದ್ದೋ, ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಕೊಟ್ಟದ್ದೋ? ಮೂರೂ ಇರಬಹುದು. ಆ ಕಡೆ ಕಬ್ಬಿಣ ಅಂದರೆ ದುಡ್ಡು ಕೂಡ. ಕತ್ತಿಯ ಆಕಾರ, ಈಟಿಯ ಆಕಾರದಲ್ಲೇ ಹಣವಾಗಿ ಓಡಾಡಿದ ಕಬ್ಬಿಣ ಇದೆ. ಕಿಸಾಂಗಾನಿ ಕಡೆಯ ಈಟಿ ಹಣವಂತೂ ಆಳೆತ್ತರ ಬರುತ್ತದೆ, ಅದರಲ್ಲಿ ಯಾರನ್ನೂ ಚುಚ್ಚಲು ಆಗುವುದಿಲ್ಲ, ಸುಮ್ನೆ ಎಣಿಸಿ ಕೊಡಲು ಮಾಡಿದ್ದು. ವ್ಯಾಪಾರಿಗಳು ಇಂಥ ಹಣದ ಅಲಗುಗಳನ್ನೂ "ಯುದ್ಧದ ಆಯುಧ" ಅಂತಲೇ ಮಾರುತ್ತಾರೆ. ಯುದ್ಧ ಅಂದರೆ ಬೆಲೆ ಏರುತ್ತದೆ.

ಆ ಮಾತಿಗೆ ಉದಾಹರಣೆಯೇ ಎರಡನೇ ಕತ್ತಿ. 480 ಯೂರೋ, ಎನ್ಗುಲು. ಕಾಂಗೋ ನದಿಯ ಮೇಲ್ಭಾಗದ ಎನ್ಗೊಂಬೆ ಮತ್ತು ಅಕ್ಕಪಕ್ಕದ ಜನರದು. ಕುಡುಗೋಲಿನ ಹಾಗೆ ಬಾಗಿದ ದೊಡ್ಡ ಅಲಗು, ಮರದ ಹಿಡಿ, ಹಿಡಿಗೆ ಹಿತ್ತಾಳೆ ತಂತಿ. ಇದರ ವಿವರಣೆ ಒಂದೂವರೆ ಪುಟ ಇತ್ತು. ತಲೆ ಕಡಿಯುವ ಕತ್ತಿ, ಬಾಗಿಸಿದ ಮರಕ್ಕೆ ತಲೆ ಕಟ್ಟುತ್ತಿದ್ದರು, ಕಡಿದ ಕೂಡಲೇ ತಲೆ ಹಾರಿಹೋಗುತ್ತಿತ್ತು ಅಂತೆಲ್ಲ. 1880-90ರ ದಶಕದಲ್ಲಿ ನದಿಯ ಗುಂಟ ಹೋದ ಯುರೋಪಿಯನ್ನರು ಇಂಥ ದೃಶ್ಯ ಬರೆದು, ಚಿತ್ರ ಬಿಡಿಸಿ ಪ್ರಕಟಿಸಿದ್ದು ನಿಜ. ಅವತ್ತಿನಿಂದ ಇವತ್ತಿನವರೆಗೆ ಪ್ರತಿ ಎನ್ಗುಲುವಿಗೂ ಅದೇ ಕಥೆ ಅಂಟಿಸುತ್ತಾರೆ. ಆದರೆ ಎನ್ಗುಲು ಮುಖ್ಯಸ್ಥನ ಅಂತಸ್ತಿನ ಗುರುತೂ ಹೌದು, ಕುಣಿತದಲ್ಲಿ ಹಿಡಿಯುವ ಕತ್ತಿಯೂ ಹೌದು. ನನಗೆ ಬಂದದ್ದರ ಬಾಯಿ ನೋಡಿದರೆ ಸಾಣೆ ಕಂಡದ್ದೇ ಇಲ್ಲ. ಅಂಚು ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ಮೊಂಡು. ಇದರಲ್ಲಿ ತಲೆ ಬಿಡಿ, ಬಾಳೆದಿಂಡು ಕಡಿಯುವುದೂ ಕಷ್ಟ.

ಹಾಗಂತ ಇದು ನಕಲಿ ಅಲ್ಲ. ಹಳೆಯದೇ, ಚೆನ್ನಾಗಿ ಬಡಿದದ್ದೇ. ಅಲಗಿನ ನಡುವೆ ಎತ್ತಿದ ಏಣು ಬುಡದಿಂದ ತುದಿವರೆಗೆ ಸಣ್ಣಗಾಗುತ್ತಾ ಹೋಗುವುದು ನೋಡಲು ಬಹಳ ಚೆಂದ. ತಂತಿಯ ಹಿತ್ತಾಳೆಯೂ ಹಳೆಯದಿರಬೇಕು, ಕಾಂಗೋ ನದಿಯ ಗುಂಟ ಓಡಾಡಿದ ಅನ್ವೇಷಕ ಸ್ಟ್ಯಾನ್ಲಿಯ ಕಾಲದಲ್ಲಿ ಅಲ್ಲಿ ಹಿತ್ತಾಳೆ ಕಂಬಿಯೇ ಚಲಾವಣೆಯ ಹಣ, ಮಿತಾಕೋ ಅನ್ನುತ್ತಿದ್ದರು, ಅದನ್ನೇ ಎಳೆದು, ಬಡಿದು ಹಿಡಿಗಳಿಗೂ ಸುತ್ತಿದರು. ನನ್ನ ತಕರಾರು ಬೇರೆ. ಮರದ ಹಿಡಿಯ ಬುಡ ಒಡೆದು ಅಂಟು ಹಾಕಿ ಕೂರಿಸಿದ್ದಾರೆ, ಆ ಬಿರುಕು ಹಿಂಬದಿಯಲ್ಲಿ ಮಾತ್ರ ಕಾಣುತ್ತದೆ, ಫೋಟೋದಲ್ಲಿ ಇದ್ದದ್ದು ಮುಂಬದಿ ಮಾತ್ರ. ಒಂದೂವರೆ ಪುಟ ರಕ್ತಪಾತ ಬರೆಯಲು ಪುರುಸೊತ್ತು ಇತ್ತು, "ಹಿಡಿ ಒಡೆದಿದೆ" ಅಂತ ಎರಡು ಪದ ಬರೆಯಲು ಇರಲಿಲ್ಲ. 480 ಅಲ್ಲ, 300 ಕೊಡಬಹುದಿತ್ತು. ಇಟ್ಟುಕೊಂಡೆ. ಏಣಿನ ಮೇಲಿನ ಆಸೆ.

ಮೂರನೆಯದು ನಾನು ಹೆಚ್ಚು ಆಸೆಪಟ್ಟದ್ದು. ಮುಸೆಲೆ, ಗಬಾನ್‌ನ ಕೋಟಾ ಜನರ ಹಕ್ಕಿತಲೆ ಕತ್ತಿ. ಉದ್ದ ಕೊಕ್ಕಿನ ಹಕ್ಕಿಯ ತಲೆಯಂಥ ಅಲಗು, ಕಣ್ಣಿನ ಜಾಗದಲ್ಲಿ ತ್ರಿಕೋನದ ತೂತು, ಕೆಳಗೆ ಒಂದು ಚೂಪು ಮುಳ್ಳು. ಒಂದು ಸಲ ನೋಡಿದರೆ ಮರೆಯಲು ಆಗುವುದಿಲ್ಲ. 260 ಯೂರೋ ಅಂದಾಗಲೇ ಅನುಮಾನ ಬರಬೇಕಿತ್ತು. ಅನುಮಾನ ಬಂದಿತ್ತು ಕೂಡ, ಬಾಯಿ ಮುಚ್ಚಿಸಿದೆ. ಕಡಿಮೆ ಬೆಲೆಗೆ ಒಳ್ಳೆಯದು ಸಿಕ್ಕಿತು ಅನ್ನುವ ಖುಷಿ ಇದೆಯಲ್ಲ, ಅದು ಕಣ್ಣಿಗೆ ಪೊರೆ ಬಂದ ಹಾಗೆ.

ಪಾರ್ಸೆಲ್ ಬಿಚ್ಚಿದ ಕೂಡಲೇ ಶೂ ಪಾಲಿಶ್ ವಾಸನೆ. ಆಮೇಲೆ ವರ್ನಿಯರ್ ತಂದು ದಪ್ಪ ಅಳೆದೆ. ಹಿಡಿಯ ಹತ್ತಿರ 3 ಮಿ.ಮೀ., ನಡುವೆ 3, ಕೊಕ್ಕಿನ ತುದಿಯಲ್ಲೂ 3. ಬಡಿದು ಮಾಡಿದ ಕತ್ತಿ ಹೀಗಿರಲು ಸಾಧ್ಯವೇ ಇಲ್ಲ. ಬುಡ ದಪ್ಪ ಇರುತ್ತದೆ, ತುದಿಗೆ ಹೋದ ಹಾಗೆ ತೆಳ್ಳಗಾಗುತ್ತದೆ, ಹೋಗಲಿ ಅಂದರೂ ಅಲ್ಲಲ್ಲಿ ಏರುಪೇರು ಇರುತ್ತದೆ. ಇದು ತಗಡಿನಿಂದ ಕತ್ತರಿಸಿದ್ದು. ಕಣ್ಣಿನ ತ್ರಿಕೋನ ನೋಡಿದೆ, ಮೂರು ಮೂಲೆಯೂ ದುಂಡಗೆ. ಅಂದರೆ ಡ್ರಿಲ್‌ನಲ್ಲಿ ಮೂರು ತೂತು ಕೊರೆದು ನಡುವಿನದನ್ನು ಅರದಲ್ಲಿ ಉಜ್ಜಿ ತೆಗೆದಿದ್ದಾರೆ. ಅಂಚಿನ ಉದ್ದಕ್ಕೂ ಗ್ರೈಂಡರ್ ಗೀರುಗಳು, ಎಲ್ಲ ಒಂದೇ ಓರೆಯಲ್ಲಿ. ತುಕ್ಕು ಕೂಡ ಅನುಮಾನದ್ದೇ. ಒದ್ದೆ ಹತ್ತಿ ಇಟ್ಟರೆ ಕಿತ್ತಳೆ ಬಣ್ಣ ಬಿಟ್ಟಿತು. ನೂರು ವರ್ಷದ ತುಕ್ಕು ಕಂದು-ಕಪ್ಪಗೆ, ಕಬ್ಬಿಣಕ್ಕೆ ಕಚ್ಚಿಕೊಂಡು ಇರುತ್ತದೆ, ಇದು ಮೊನ್ನೆ ಮೊನ್ನೆ ಆಸಿಡ್ ಹಾಕಿ ಬರಿಸಿದ ತುಕ್ಕು. ಹಿಡಿಯ ತಂತಿಯ ತುದಿಯನ್ನು ಇಕ್ಕಳದಲ್ಲಿ ಕತ್ತರಿಸಿದ ಜಾಗ ಇನ್ನೂ ಫಳಫಳ ಅನ್ನುತ್ತಿತ್ತು. ಅದಕ್ಕೆ ಪಾಲಿಶ್ ಹಚ್ಚುವುದು ಮರೆತುಹೋಗಿದೆ ಪಾಪ.

ಇವೆಲ್ಲ ಹಿಂಬದಿಯ ಒಂದು ಒಳ್ಳೆಯ ಫೋಟೋ ಇದ್ದಿದ್ದರೆ ಕೊಳ್ಳುವ ಮೊದಲೇ ಕಾಣುತ್ತಿತ್ತು. ಕೇಳಿದ್ದೆ. "ಎರಡೂ ಕಡೆ ಒಂದೇ ಥರ ಇದೆ" ಅಂದಿದ್ದ. ಆ ಮಾತು ಮಾತ್ರ ಸತ್ಯ, ತಗಡಿಗೆ ಎರಡು ಕಡೆಯೂ ಒಂದೇ.

ಈಗ ಸೇವೆಯ ವಿಷಯ. ಪ್ಯಾಕಿಂಗ್ ಬಗ್ಗೆ ಕೆಟ್ಟ ಮಾತು ಇಲ್ಲ. ಪ್ರತಿ ತುದಿಗೂ ಕಾರ್ಕ್ ಸಿಕ್ಕಿಸಿ, ದಪ್ಪ ರಟ್ಟಿಗೆ ಕಟ್ಟಿ, ಅಲ್ಲಾಡದ ಹಾಗೆ ಕಳಿಸಿದ್ದ. ಕಸ್ಟಮ್ಸ್ ಕಾಗದದಲ್ಲಿ ಏನು, ಎಷ್ಟು ಹಳೆಯದು, ಯಾವ ಲೋಹ ಅಂತ ಸರಿಯಾಗಿ ಬರೆದಿದ್ದ. ಇದು ಸಣ್ಣ ವಿಷಯ ಅಲ್ಲ, "ಅಲಂಕಾರ ವಸ್ತು" ಅಂತ ಸುಳ್ಳು ಬರೆದು ಕಳಿಸಿ, ತಿಂಗಳುಗಟ್ಟಲೆ ಸಿಕ್ಕಿಹಾಕಿಸಿದವರೂ ಇದ್ದಾರೆ. ಕೊಳ್ಳುವ ಮೊದಲು ಮೆಸೇಜ್‌ಗೆ ಹತ್ತು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಮುಸೆಲೆಯ ಅಳತೆ, ಡ್ರಿಲ್ ಗುರುತಿನ ಫೋಟೋ ಕಳಿಸಿದ ಮೇಲೆ ಒಂಬತ್ತು ದಿನ ಮೌನ. ಆಮೇಲೆ ಬಂದ ಉತ್ತರ: "ಆಫ್ರಿಕಾದಲ್ಲಿ ಈಗಲೂ ಕಮ್ಮಾರರು ಇದ್ದಾರೆ, ಅವರೂ ಗ್ರೈಂಡರ್ ಬಳಸುತ್ತಾರೆ." ಸರಿಯಪ್ಪ, ಒಪ್ಪಿದೆ. ಹಾಗಾದರೆ ಹೊಸ ಕತ್ತಿ ಅಂತಲೇ ಮಾರು, ಮಾಡಿದವನ ಹೆಸರೂ ಹಾಕು, ನಾನು ಖುಷಿಯಿಂದ ಕೊಳ್ಳುತ್ತೇನೆ. "19ನೇ ಶತಮಾನದ ಕೊನೆ" ಅಂತ ಬರೆದವರು ಯಾರು? ಇದನ್ನು ಕೇಳಿದ ಮೇಲೆ ಹಣ ವಾಪಸ್ ಬಂತು, ಮೂರು ವಾರ ಬಿಟ್ಟು, ಸಾಗಣೆ ಖರ್ಚು ಮುರಿದುಕೊಂಡು. ವಾಪಸ್ ಕಳಿಸುವ ಖರ್ಚೂ ನನ್ನದೇ. ಕೊಟ್ಟನಲ್ಲ ಅನ್ನುವುದಕ್ಕೆ ಮೂರನೇ ಸ್ಟಾರ್.

ಅದೇ ಪುಟದಲ್ಲಿ ಸುಡಾನಿನ ಒಂದು ಎಸೆಗತ್ತಿಯೂ ಇತ್ತು, ಮೈತುಂಬ ಅರಬ್ಬಿ ಅಕ್ಷರ. ಕೊಂಡಿಲ್ಲ, ಆದರೆ ನೋಡಿದವರು ಮೋಸ ಹೋಗುವ ಸಾಧ್ಯತೆ ಇರುವುದರಿಂದ ಹೇಳುತ್ತೇನೆ. ಸುಡಾನಿನಲ್ಲಿ ಮಹ್ದಿ ಅನ್ನುವ ಧಾರ್ಮಿಕ ನಾಯಕ ಮತ್ತು ಅವನ ಅನುಯಾಯಿಗಳ ದಂಗೆ, ಆಳ್ವಿಕೆ ನಡೆದ 1881ರಿಂದ 1898ರವರೆಗಿನ ಕಾಲಕ್ಕೆ ಸೇರಿದ ಇಂಥ ಕತ್ತಿಗಳು ಬೇಕಾದಷ್ಟು ಮ್ಯೂಸಿಯಂಗಳಲ್ಲಿವೆ. ಆಸಿಡ್‌ನಲ್ಲಿ ಕೊರೆದ ಅಕ್ಷರಗಳು, ಎಷ್ಟೋ ಕಡೆ ಓದಲು ಬಾರದಷ್ಟು ಒತ್ತೊತ್ತಾಗಿ. ಎಸೆಯಲು ಬಾರದ ತೆಳು ತಗಡು ಅಂತ ಇವನ್ನು ನಕಲಿ ಅನ್ನುವವರಿದ್ದಾರೆ. ತಪ್ಪು. ಅವು ಮೆರೆಯಲು ಮಾಡಿದವು, ಬರಹಕ್ಕೆ ಕಾಯುವ ಶಕ್ತಿ ಇದೆ ಅನ್ನುವ ನಂಬಿಕೆಗೆ ಮಾಡಿದವು. ನಾನು ಮೇಲೆ ಹೇಳಿದ ತಗಡಿನ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಒಂದು ಊರಿನ ಅಳತೆಗೋಲು ಇನ್ನೊಂದು ಊರಿಗೆ ಹಿಡಿದರೆ ಹೀಗೇ ಆಗುವುದು.

ಬಂದ ಮೇಲೆ ಏನು ಮಾಡಬೇಕು ಅಂತ ಕೇಳುವವರು ಜಾಸ್ತಿ. ಏನೂ ಮಾಡಬೇಡಿ. ಸ್ಟೀಲ್ ವೂಲ್, ಉಪ್ಪುಕಾಗದ ಹಿಡಿದು ಫಳಫಳ ಮಾಡಿದರೆ ನೂರು ವರ್ಷದ ಮೇಲ್ಮೈ ಹತ್ತು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಅದರ ಜೊತೆ. ಒಣ ಬಟ್ಟೆಯಲ್ಲಿ ಒರೆಸಿ, ಮ್ಯೂಸಿಯಂನವರು ಬಳಸುವ ಥರದ ಮೇಣ ತೆಳ್ಳಗೆ ಲೋಹಕ್ಕೆ ಮಾತ್ರ ಹಚ್ಚಿದರೆ ಸಾಕು. ನಾರಿಗೆ ತಾಗಿಸಬೇಡಿ. ಬರಿಗೈಯಲ್ಲಿ ಹಿಡಿದರೆ ಆಮೇಲೆ ಒರೆಸಿ, ಬೆವರು ಕಬ್ಬಿಣಕ್ಕೆ ಆಗುವುದಿಲ್ಲ. ದಂತದ ಹಿಡಿ ಇದ್ದರೆ ಕೈ ಹಾಕಲೇಬೇಡಿ, ಹಳೆಯದೇ ಇರಲಿ, ಗಡಿ ದಾಟಿಸುವ ಕಾಗದಪತ್ರಗಳಲ್ಲೇ ಜೀವ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಅವನ ಪುಟ ನೋಡುವುದು ಬಿಟ್ಟಿಲ್ಲ. ಹೋದ ವಾರ ಒಂದು ಇಕುಲ್ ಹಾಕಿದ್ದಾನೆ. ಕಾಂಗೋದ ಕೂಬಾ ಜನರ ಕತ್ತಿ, ಎಲೆಯಂಥ ಅಗಲ ಅಲಗು, ಮರದ ಹಿಡಿಯ ತುದಿ ದುಂಡಗೆ. ಇದಕ್ಕೆ ಒಂದು ಕಥೆ ಇದೆ, ಈ ಕಥೆ ವ್ಯಾಪಾರಿಗಳು ಕಟ್ಟಿದ್ದಲ್ಲ. 17ನೇ ಶತಮಾನದ ಕೂಬಾ ರಾಜ ಶ್ಯಾಮ್ ಅಂಬುಲ್ ಎಸೆಗತ್ತಿಯನ್ನೇ ನಿಷೇಧಿಸಿದ ಅಂತ ಕೂಬಾ ಹಿರಿಯರು ಹೇಳಿದ್ದನ್ನು ಎಮಿಲ್ ಟೋರ್ಡೇ ಬರೆದುಕೊಂಡಿದ್ದಾನೆ. ಟೋರ್ಡೇ 1900ರ ದಶಕದ ಕೊನೆಗೆ ಬ್ರಿಟಿಷ್ ಮ್ಯೂಸಿಯಂಗಾಗಿ ಅಲ್ಲಿ ವಸ್ತುಗಳನ್ನು ಕೂಡಿಹಾಕಿದವನು. ಅವನು ತಂದ ರಾಜರ ಮರದ ಮೂರ್ತಿಗಳು ಈಗಲೂ ಆ ಮ್ಯೂಸಿಯಂನಲ್ಲಿವೆ, ಚಕ್ಕಳಮಕ್ಕಳ ಹಾಕಿ ಕೂತ ರಾಜ, ಎಡಗೈಯಲ್ಲಿ ಇಕುಲ್. ಯುದ್ಧವಿಲ್ಲದ ಹೊತ್ತಿನಲ್ಲಿ ಹಿಡಿಯುವ ಕತ್ತಿ ಅದು, ಪೂರ್ತಿ ಮರದಲ್ಲೇ ಮಾಡಿದವೂ ಇವೆ. ಎಸೆಗತ್ತಿ ಹುಚ್ಚು ಹಿಡಿದವನ ಮನೆಯಲ್ಲಿ ಅದನ್ನು ನಿಲ್ಲಿಸಿದ ರಾಜನ ಕತ್ತಿಯೂ ಇರಲಿ ಅಂತ ಆಸೆ.

ವಿವರಣೆ ಎರಡೇ ಸಾಲು ಇದೆ, ಅದು ಒಳ್ಳೆಯ ಲಕ್ಷಣ. ಫೋಟೋ ಒಂದೇ ಇದೆ, ಮುಂಬದಿಯದು. ಹಿಂಬದಿ ಕಳಿಸು ಅಂತ ಸೋಮವಾರ ಬರೆದೆ. ಇವತ್ತು ಶುಕ್ರವಾರ. ಇನ್ನೂ ಬಂದಿಲ್ಲ.